ಸನ್ಮಾನದ ಬಳಿಕ ಕೈಹಿಡಿಯುವವರು ಯಾರು?

ಫಲಿತಾಂಶದ ದಿನಗಳು ಬಂದರೆ ನಮ್ಮ ಪಟ್ಟಣಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ. ಜಮಾಅತ್ ಕಮಿಟಿಗಳು, ಯುವಕ ಸಂಘಗಳು, ಅನಿವಾಸಿ ಬಂಧುಗಳ ಕೂಟಗಳು ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ನಗದು ನೀಡುತ್ತವೆ. ಇದು ಸ್ವಾಗತಾರ್ಹ. ಆದರೆ ವೇದಿಕೆಯಿಂದ ಇಳಿದ ಆ ವಿದ್ಯಾರ್ಥಿನಿ ಐದು ವರ್ಷಗಳ ಬಳಿಕ ಏನಾದಳೆಂದು ವಿಚಾರಿಸುವವರು ವಿರಳ.

ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಹಂತದ 25 ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರ ಹಂತದ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು 2006ರ ಸಾಚಾರ್ ವರದಿ ಹೇಳಿತ್ತು. ಸಂಶೋಧನೆಯ ಮೆಟ್ಟಿಲು ಅದಕ್ಕಿಂತಲೂ ಮೇಲಿದೆ. ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರವು ಇತರ ಯೋಜನೆಗಳ ಪುನರಾವರ್ತನೆ ಎಂಬ ಕಾರಣ ನೀಡಿ ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಅದನ್ನು ಮರಳಿ ಆರಂಭಿಸಬೇಕೆಂಬ ಬೇಡಿಕೆ ನ್ಯಾಯಬದ್ಧವಾದುದು. ಅದನ್ನು ನಾವು ಕೈಬಿಡಬಾರದು.

ಆದರೆ ಸರಕಾರವನ್ನು ದೂರಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ವರ್ಷಕ್ಕೆರಡು ಬಾರಿ ನಡೆಯುವ ನೆಟ್ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ ದೊರೆಯುತ್ತದೆ. 2023ರಲ್ಲಿ ಅದರ ಮೊತ್ತ ಮಾಸಿಕ 37 ಸಾವಿರ ರೂಪಾಯಿಗೆ ಏರಿತು. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕಗಳನ್ನು ಪರಿಗಣಿಸಲಾಗುತ್ತಿದೆ. ತಂದೆ ಆಟೋ ಓಡಿಸುವ, ತಾಯಿ ಬೀಡಿ ಕಟ್ಟುವ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ತುಳಿದ ಮಗುವಿಗೆ ಇದನ್ನು ಮನೆಯಲ್ಲಿ ಹೇಳುವವರಿಲ್ಲ. ಹೇಳಬೇಕಾದವರು ಅಧ್ಯಾಪಕರು. ಆದರೆ ಸರಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ನಡೆಯುತ್ತಿರುವುದು ಸೇವಾ ಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರಿಂದ. ನಮ್ಮದೇ ಆಡಳಿತದ ಕಾಲೇಜುಗಳಾದರೂ ಅಧ್ಯಾಪಕರಿಗೆ ವಿದ್ಯಾರ್ಥಿಯೊಡನೆ ಕುಳಿತು ಮಾತಾಡುವಷ್ಟು ಬಿಡುವು ಕೊಟ್ಟಿವೆಯೇ? ಕಟ್ಟಡದ ಮೇಲೆ ಮತ್ತೊಂದು ಅಂತಸ್ತು ಏರಿಸುವ ಉತ್ಸಾಹ ಅಧ್ಯಾಪಕರ ವೇತನದ ವಿಷಯದಲ್ಲಿ ಏಕೆ ಕಾಣುವುದಿಲ್ಲ?

ಗುರುವು ಶಿಷ್ಯನ ಹೊಣೆ ಹೊರುವುದು ನಮಗೆ ಹೊಸದಲ್ಲ. ಕೂಫಾದ ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂಹನೀಫಾರು(ರ) ಬಡ ಮನೆತನದ ಶಿಷ್ಯ ಅಬೂಯೂಸುಫರ ಕಲಿಕೆ ನಿಲ್ಲಬಾರದೆಂದು ತಮ್ಮ ಕೈಯಿಂದಲೇ ನೆರವಾದುದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಶಿಷ್ಯರೇ ಮುಂದೆ ಅಬ್ಬಾಸೀ ಆಡಳಿತದ ಪ್ರಧಾನ ಖಾಝಿಯಾದರು. ರಾಜ್ಯದ ತೆರಿಗೆ ವ್ಯವಸ್ಥೆಯ ಕುರಿತು 'ಕಿತಾಬುಲ್ ಖರಾಜ್' ರಚಿಸಿದರು. ಗುರುವು ಅಂದು ನೀಡಿದ್ದು ಸ್ಮರಣಿಕೆಯನ್ನಲ್ಲ. ಸಮಯವನ್ನು, ಮಾರ್ಗದರ್ಶನವನ್ನು, ಮನೆಯ ಖರ್ಚನ್ನು.

ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳು ಇಷ್ಟನ್ನಾದರೂ ಮಾಡಲಿ. ಹತ್ತು ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಿ ಅಧ್ಯಾಪಕರನ್ನು ನೇಮಿಸಿ, ಅದಕ್ಕೆಂದು ಅವರ ಪಾಠದ ಹೊರೆಯನ್ನು ತಗ್ಗಿಸಲಿ. ವಾರದಲ್ಲಿ ಒಂದು ಗಂಟೆ ಗ್ರಂಥಾಲಯದಲ್ಲಿ ಅವರು ಲಭ್ಯರಿರಲಿ. ಹೆಣ್ಣುಮಕ್ಕಳನ್ನು ಮುಂದೆ ಕಳುಹಿಸಲು ಹಿಂಜರಿಯುವ ಹೆತ್ತವರೊಡನೆಯೂ ಮಾತಾಡಲಿ. ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ಪ್ರಯಾಣದ, ಪುಸ್ತಕದ ವೆಚ್ಚವನ್ನು ಜಮಾಅತ್‌ಗಳು ಭರಿಸಲಿ. ವಿಷಯಗಳಿಗೇನೂ ಬರವಿಲ್ಲ. ಬೀಡಿ ಕಾರ್ಮಿಕ ಮಹಿಳೆಯರ ಆರೋಗ್ಯ, ವಕ್ಫ್ ಆಸ್ತಿಗಳ ಹಳೆಯ ದಾಖಲೆಗಳು, ಬ್ಯಾರಿ ಮತ್ತು ನವಾಯತಿ ಭಾಷೆಗಳು ನಮ್ಮ ಮನೆಬಾಗಿಲಲ್ಲೇ ಇವೆ. ನಮ್ಮ ಬಗ್ಗೆ ಇತರರು ಬರೆದುದನ್ನು ಆಕ್ಷೇಪಿಸುವ ನಾವು, ನಮ್ಮ ಮಕ್ಕಳು ಆಧಾರಸಹಿತ ಬರೆಯುವಂತೆ ಅವರನ್ನು ಸಜ್ಜುಗೊಳಿಸಬೇಡವೇ?

ಈ ವರ್ಷದ ಸನ್ಮಾನ ಸಮಾರಂಭದಲ್ಲಿ ಶಾಲಿನೊಂದಿಗೆ ಮಾರ್ಗದರ್ಶಕರೊಬ್ಬರ ಹೆಸರನ್ನೂ ಪ್ರತಿ ವಿದ್ಯಾರ್ಥಿಗೆ ನೀಡೋಣ. ಪ್ರತಿಭೆಯನ್ನು ಗುರುತಿಸುವುದು ಒಂದು ದಿನದ ಕೆಲಸ. ಅದನ್ನು ದಡ ಮುಟ್ಟಿಸಲು ವರ್ಷಗಳು ಬೇಕು.