ತೀರ್ಪು ಬಂದರೂ ತೆರೆಯದ ಮನೆಬಾಗಿಲು: ಒಡಹುಟ್ಟಿದವರ ಹೊಣೆ

ವಯಸ್ಕರ ನಡುವಣ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಶತಮಾನಗಳ ಅವಮಾನ, ಬಹಿಷ್ಕಾರಗಳಿಗೆ ಪರಿಹಾರ ವಿಳಂಬವಾದುದಕ್ಕಾಗಿ ಇತಿಹಾಸವು ಈ ಸಮುದಾಯದ ಕ್ಷಮೆ ಕೇಳಬೇಕಾಗಿದೆ ಎಂದು ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅದರಲ್ಲಿ ಬರೆದರು. ಕ್ಷಮೆಗೆ ಅರ್ಹರಾದವರಲ್ಲಿ ಅವರ ಕುಟುಂಬಗಳನ್ನೂ ಸೇರಿಸಿದರು ಎಂಬುದು ಗಮನಾರ್ಹ.

ಕುಟುಂಬಗಳೂ ನೊಂದಿವೆ, ನಿಜ. ಆದರೆ ಅನೇಕ ಪ್ರಸಂಗಗಳಲ್ಲಿ ಬಹಿಷ್ಕಾರವು ಆರಂಭವಾಗುವುದೇ ಮನೆಯೊಳಗಿನಿಂದ. ಹೆತ್ತವರು ಮುಖ ತಿರುಗಿಸಿದಾಗ ಆ ಮಗನಿಗೋ ಮಗಳಿಗೋ ಮನೆಯೊಡನೆ ಉಳಿಯುವ ಕೊನೆಯ ಕೊಂಡಿ ಅಣ್ಣ, ತಮ್ಮ, ಅಕ್ಕ ಅಥವಾ ತಂಗಿ. ಅವರೇನು ಮಾಡಬಲ್ಲರು ಎಂಬುದು ಇಂದಿನ ಪ್ರಶ್ನೆ.

ಊರಿನ ಭಯ

ಅಥಣಿ ತಾಲೂಕಿನ ಐಗಳಿಯಂತಹ ಊರಿನಲ್ಲಿ ಈ ಪ್ರಶ್ನೆ ಮಹಾನಗರದಲ್ಲಿರುವುದಕ್ಕಿಂತ ಜಟಿಲವಾದುದು. ದ್ರಾಕ್ಷಿ ಪಡದ ದುಡಿಮೆಯಿಂದ ಹಿಡಿದು ಬೀಗತನದವರೆಗೆ ಇಲ್ಲಿ ಎಲ್ಲವೂ ಮನೆತನದ ಹೆಸರನ್ನು ಅವಲಂಬಿಸಿವೆ. ಒಬ್ಬ ಮಗನ ವಿಷಯ ಹೊರಬಿದ್ದರೆ ಉಳಿದ ಮಕ್ಕಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ಹೆತ್ತವರದು. ಅಂದರೆ ತಂಗಿಯ ಭವಿಷ್ಯದ ಹೆಸರಿನಲ್ಲಿಯೇ ಅಣ್ಣನನ್ನು ದೂರವಿಡಲಾಗುತ್ತದೆ. ಆದ್ದರಿಂದಲೇ, 'ನನ್ನ ಮದುವೆಯ ನೆಪ ಮಾಡಿ ಅಣ್ಣನನ್ನು ಹೊರಹಾಕಬೇಡಿ' ಎಂದು ತಂಗಿ ಹೇಳುವ ಮಾತಿಗೆ ವಕೀಲರ, ವೈದ್ಯರ ಮಾತಿಗೂ ಇಲ್ಲದ ತೂಕವಿದೆ.

ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರು ಈ ಸೀಮೆಗೆ ಅಪರಿಚಿತರಲ್ಲ. ಮನೆಯವರ ತಿರಸ್ಕಾರ ಉಂಡ ಬಳ್ಳಾರಿ ಭಾಗದ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಆದರೆ ದೇವಿಯ ಹೆಸರಿನಲ್ಲಿ ದೊರೆಯುವ ಈ ಸ್ಥಾನವು ಹೆಣ್ತನವನ್ನು ಒಪ್ಪಿಕೊಂಡವರಿಗೆ ಮಾತ್ರ. ಗಂಡಾಗಿಯೇ ಬಾಳುತ್ತ ಗಂಡನ್ನು ಪ್ರೀತಿಸುವವನಿಗೆ ಪರಂಪರೆಯಲ್ಲಿ ಅಂತಹ ನೆಲೆಯಿಲ್ಲ. ಆ ಬದುಕನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸಿದ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ ಕನ್ನಡದಲ್ಲಿ ಪ್ರಕಟವಾದುದು 2013ರಷ್ಟು ಈಚೆಗೆ.

ರೋಗವಲ್ಲ, ಮದ್ದೂ ಇಲ್ಲ

ವಿಷಯ ತಿಳಿದೊಡನೆ ಮನೆಯವರು ಹುಡುಕುವುದು ಮದ್ದನ್ನು. ಸಲಿಂಗ ಒಲವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಒಲವನ್ನು ಬದಲಿಸುವುದಾಗಿ ಹೇಳಿಕೊಳ್ಳುವ ಚಿಕಿತ್ಸೆಯನ್ನು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು 2021ರ ಜೂನ್ 7ರ ಆದೇಶದಲ್ಲಿ ನಿಷೇಧಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ಚಿಕಿತ್ಸೆಗೆಂದು ಮಿರಜ, ಸಾಂಗಲಿಗಳಿಗೆ ಹೋಗುವ ಈ ಭಾಗದ ಜನರಿಗೆ ಗಡಿಯಾಚೆಗೂ ಅನ್ವಯಿಸುವ ನಿಯಮವಿದು.

'ಮದುವೆಯಾದರೆ ಸರಿಹೋಗುತ್ತಾನೆ' ಎಂಬುದು ಇನ್ನೊಂದು ಮದ್ದು. ಇದರಿಂದ ಕೆಡುವುದು ಒಂದಲ್ಲ, ಎರಡು ಬಾಳು. ಕನ್ಯೆ ನೋಡಲು ಹೊರಟವರನ್ನು ತಡೆಯುವ ಹೊಣೆ ಒಡಹುಟ್ಟಿದವರದೇ ಆಗಿದೆ. ಆದರೆ ಹೀಗೆ ತಡೆಯುವಾಗ ಗುಟ್ಟನ್ನು ಬೀಗರ ಮುಂದಾಗಲಿ ಗೆಳೆಯರ ಮುಂದಾಗಲಿ ಬಿಟ್ಟುಕೊಡಬಾರದು. ಯಾರಿಗೆ, ಯಾವಾಗ ಹೇಳಬೇಕೆಂಬುದು ಸಂಬಂಧಪಟ್ಟವನ ನಿರ್ಧಾರ.

ಉತಾರದಲ್ಲಿನ ಹೆಸರು

ಜಮೀನಿನ ಪ್ರಶ್ನೆಯೂ ಸಣ್ಣದಲ್ಲ. ತಂದೆ ತಾನು ಗಳಿಸಿದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಇಷ್ಟ ಬಂದವರಿಗೆ ಕೊಡಬಹುದು. ಆದರೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗಿರುವ ಪಾಲು ಅವರ ಲೈಂಗಿಕ ಒಲವಿನ ಕಾರಣದಿಂದ ಇಲ್ಲವಾಗುವುದಿಲ್ಲ. ಮನೆ ಬಿಟ್ಟವನಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆದು ಉತಾರದಿಂದ ಹೆಸರು ತೆಗೆಸಿದರೆ ಅದರ ಲಾಭ ಸಲ್ಲುವುದು ಒಡಹುಟ್ಟಿದವರಿಗೆ. ಪ್ರೀತಿಯ ನಿಜವಾದ ಪರೀಕ್ಷೆ ಇಲ್ಲಿದೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಹೀಗಾಗಿ ಸಂಗಾತಿಗೆ ಪತಿ ಅಥವಾ ಪತ್ನಿಯ ಸ್ಥಾನ ದೊರೆಯದು. ಅವಿವಾಹಿತನಾಗಿ ಉಳಿಯುವವನಿಗೆ ಕಾನೂನಿನ ದೃಷ್ಟಿಯಲ್ಲಿ ಹೆತ್ತವರ ತರುವಾಯ ಹತ್ತಿರದ ಬಂಧುಗಳು ಒಡಹುಟ್ಟಿದವರೇ. ಇಂದು ಮುಚ್ಚಿದ ಬಾಗಿಲು ನಾಳೆ ಕಾಯಿಲೆ, ಮುಪ್ಪಿನ ಕಾಲದಲ್ಲಿಯೂ ಮುಚ್ಚಿಯೇ ಇರುತ್ತದೆ.

ಹೆತ್ತವರ ಮನಸ್ಸು ಬದಲಾಗದೆಂದು ತಿಳಿಯಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ದೇಶದ 400ಕ್ಕೂ ಹೆಚ್ಚು ಪೋಷಕರು ತಮ್ಮ ಮಕ್ಕಳ ವಿವಾಹದ ಹಕ್ಕಿಗಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಒಪ್ಪಿಕೊಳ್ಳುವ ಮುನ್ನ ತಾವೂ ನಾನಾ ಬಗೆಯ ತಳಮಳ ಅನುಭವಿಸಿದುದನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ. ಅಂತಹ ಬದಲಾವಣೆಗೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ವಾರಕ್ಕೊಂದು ಫೋನು, ಕೈಲಾದಷ್ಟು ಹಣ, ಹಬ್ಬಕ್ಕೊಂದು ಕರೆ ನಿಲ್ಲಬಾರದು. ಜೀವ ಬೇಸರವಾದ ಮಾತು ಕೇಳಿಬಂದರೆ ಟೆಲಿ ಮಾನಸ್‌ನ 14416, ಕಾನೂನು ನೆರವಿಗೆ 15100 ಸಂಖ್ಯೆಗಳಿವೆ.

ನ್ಯಾಯಾಲಯವು ಅಪರಾಧದ ಕಳಂಕವನ್ನು ತೊಳೆದಿದೆ. ಮನೆಯೊಳಗೆ ಕರೆದು ಊಟಕ್ಕೆ ಕೂಡಿಸುವ ಕೆಲಸವನ್ನು ಅದು ಮಾಡಲಾರದು. ಅದು ರಕ್ತ ಹಂಚಿಕೊಂಡವರಿಂದಲೇ ಆಗಬೇಕು.