ಪೈಪು ಸೋರಿದರೆ ಪಗಾರ ಸೋರಬೇಕೆ?



ಪಗಾರ, ಬೋನಸ್, ಪ್ರಾವಿಡೆಂಟ್ ಫಂಡುಗಳ ಮಾತು ಬರುವ ಈ ಪುಟದಲ್ಲಿ ಕಾರಿನ ರಬ್ಬರ್ ಪೈಪಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಕೇಳಲಿ. ಇದು ಪಗಾರದ ಮಾತೇ ಹೌದು. ಇಂದು ನಮ್ಮವರೆಲ್ಲ ತಟ್ಟೆ ಲೋಟಗಳ ನಡುವೆಯೇ ಇಲ್ಲ. ಕೇಟರಿಂಗ್ ವ್ಯಾನು ನಡೆಸುವವರಿದ್ದಾರೆ, ಟ್ಯಾಕ್ಸಿ ಓಡಿಸುವವರಿದ್ದಾರೆ, ಧಣಿಗಳ ಮನೆಯ ಕಾರಿಗೆ ಡ್ರೈವರಾಗಿರುವವರಿದ್ದಾರೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದ ಮನೆಗಳೂ ಇವೆ. ಇವರೆಲ್ಲರ ಅನ್ನ ಇಂದು ಒಂದು ಇಂಜಿನಿನ ಮೇಲೆ ನಿಂತಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಹೀಟರ್ ಪೈಪು ಸೋರಿದರೆ ಅದನ್ನು ತಾನೇ ಬದಲಾಯಿಸುವ ವಿದ್ಯೆಯನ್ನು ಗಾಡಿ ನಡೆಸುವ ಪ್ರತಿಯೊಬ್ಬ ಕಾರ್ಮಿಕನೂ ಕಲಿಯಬೇಕು. ಆದರೆ ಆ ವಿದ್ಯೆಯನ್ನು ಧಣಿಗೆ ಪುಕ್ಕಟೆ ಕೊಡಕೂಡದು.

ಮುಂಬಯಿಯ ಸೆಖೆಯಲ್ಲಿ ಹೀಟರ್ ಯಾರಿಗೆ ಬೇಕು ಎನ್ನುತ್ತೀರಾ? ಮೋಸ ಇರುವುದು ಇಲ್ಲಿಯೇ. ಇಂಜಿನಿನ ಬಿಸಿಯನ್ನು ಹೊತ್ತೊಯ್ಯಲು ಅದರ ಸುತ್ತ ನೀರು, ಅಂದರೆ ಕೂಲೆಂಟ್, ಹರಿಯುತ್ತಿರುತ್ತದೆ. ಅದರ ಹೆಚ್ಚಿನ ಪಾಲು ರೇಡಿಯೇಟರಿಗೆ ಹೋಗಿ ತಣಿದು ಬರುತ್ತದೆ. ಒಂದು ಕವಲು ಮಾತ್ರ ಎರಡು ಸಣ್ಣ ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕಾಯಿಲಿಗೆ ಹೋಗಿ ಬರುತ್ತದೆ. ಅನೇಕ ಕಾರುಗಳಲ್ಲಿ ಹೀಟರಿನ ಗುಬ್ಬಿ ತಿರುಗಿಸಿದರೆ ಗಾಳಿಯ ಬಾಗಿಲು ಮಾತ್ರ ತೆರೆದು ಮುಚ್ಚುತ್ತದೆ. ಬಿಸಿನೀರು ಯಾವಾಗಲೂ ಹರಿಯುತ್ತಲೇ ಇರುತ್ತದೆ. ನಾವು ಹೀಟರ್ ಹಾಕದಿದ್ದರೂ ಪೈಪು ದಿನವೂ ಬೇಯುತ್ತದೆ. ಬೆಂದ ರಬ್ಬರ್ ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಕೊನೆಗೆ ಸೋರುತ್ತದೆ. ಹೀಟರ್ ನೆನಪಿಲ್ಲದ ಊರಿನಲ್ಲಿ ಅದರ ಪೈಪಿನ ನೆನಪು ಯಾರಿಗೂ ಇರುವುದಿಲ್ಲ. ಖಂಡಾಲಾ ಘಾಟಿಯಲ್ಲೋ, ಮೇ ತಿಂಗಳಲ್ಲಿ ಊರಿಗೆ ಹೋಗುವ ದಾರಿಯಲ್ಲೋ ಗಾಡಿ ಹೊಗೆಯಾಡಿ ನಿಂತಾಗ ನೆನಪಾಗುತ್ತದೆ.

ನನಗೆ ತಿಳಿದ ಒಂದು ಕೇಟರಿಂಗ್ ಸಂಸ್ಥೆಯಲ್ಲಿ ಹೀಗಾಯಿತು. ಡ್ರೈವರ್ ಹುಡುಗ ಕಾಲಬುಡದ ಮ್ಯಾಟು ಒದ್ದೆಯಾಗಿದೆ, ಸಿಹಿ ವಾಸನೆ ಬರುತ್ತಿದೆ ಎಂದು ಎರಡು ಸಲ ಹೇಳಿದ. “ನೀರು ಹಾಕಿಕೊಂಡು ಓಡಿಸು ಮಾರಾಯ, ಮದುವೆ ಆರ್ಡರ್ ಇದೆ” ಎಂದು ಗಲ್ಲಾದಿಂದ ಉತ್ತರ ಬಂತು. ಮೂರನೆಯ ವಾರ ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಕೆಲವು ನೂರು ರೂಪಾಯಿಯ ಪೈಪಿನಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಏರಿತು. ಆ ಸಾವಿರಗಳನ್ನು ಯಾರ ಪಗಾರದಿಂದ ಹಿಡಿದರು? ಹೇಳಿ ಹೇಳಿ ಸಾಕಾದ ಹುಡುಗನ ಪಗಾರದಿಂದಲೇ!

ಆದುದರಿಂದ ಮೊದಲು ಲಕ್ಷಣ ತಿಳಿದಿರಬೇಕು. ಏಸಿ ಹಾಕಿದಾಗ ಸೋರುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜಿಗುಟಿಲ್ಲ. ಕೂಲೆಂಟಿಗೆ ಹಸಿರೋ ಕೆಂಪೋ ಬಣ್ಣವಿರುತ್ತದೆ. ಬೆರಳಿಗೆ ಎಣ್ಣೆಯಂತೆ ಹತ್ತುತ್ತದೆ, ಸಿಹಿ ವಾಸನೆ ಹೊಡೆಯುತ್ತದೆ. ಮುಂದಿನ ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡಿನ ಮಂಜು ಕಟ್ಟಿದರೆ, ಕೂಲೆಂಟ್ ಡಬ್ಬಿಯ ಮಟ್ಟ ಕೆಳಗಿನ ಗೆರೆಗಿಂತ ಮತ್ತೆ ಮತ್ತೆ ಇಳಿದರೆ, ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಟೆಂಪರೇಚರ್ ಮುಳ್ಳು ಮೇಲೇರಿದರೆ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸತಕ್ಕದ್ದು. ಆರ್ಡರ್ ತಡವಾದರೆ ಆಗಲಿ.

ನಿಲ್ಲಿಸಿದ ಮೇಲೆ ನಮ್ಮ ಹುಡುಗರು ಮಾಡುವ ದೊಡ್ಡ ಅಪಾಯದ ಕೆಲಸವೆಂದರೆ ಬಿಸಿಯಿರುವಾಗಲೇ ಮುಚ್ಚಳ ತಿರುಗಿಸುವುದು. ಅಡಿಗೆಮನೆಯಲ್ಲಿ ದುಡಿದವನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುಕ್ಕರಿನ ಸೀಟಿ ಹೊಡೆಯುತ್ತಿರುವಾಗ ಯಾರಾದರೂ ಮುಚ್ಚಳ ತೆಗೆಯುತ್ತಾರೆಯೆ? ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ಮುಚ್ಚಳವೇ. ಅನೇಕ ಕಾರುಗಳಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಹಿಡಿದಿರುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ 120 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಗಿರಣಿಯ ಬಾಯ್ಲರ್ ಖಾತೆಯಲ್ಲಿದ್ದ ಹಿರಿಯರನ್ನು ಕೇಳಿ ನೋಡಿ, ಹಬೆ ಇರುವ ಪೈಪಿಗೆ ಪಾನಾ ಹಾಕುತ್ತಿದ್ದರೇ ಎಂದು. ಎರಡು ಗಂಟೆಯಾದರೂ ತಣಿಯಲು ಬಿಡಿ. ಸುಟ್ಟರೆ ಟೂತ್‌ಪೇಸ್ಟು, ಬೆಣ್ಣೆ ಹಚ್ಚದೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿಗೆ ಹಿಡಿದು ಡಾಕ್ಟರರಲ್ಲಿಗೆ ಹೋಗಿರಿ.

ಇನ್ನು ಕೆಲಸದ ಕ್ರಮ. ಇಂಜಿನ್ ಪೂರ್ತಿ ತಣಿದಿರಬೇಕು. ಬ್ಯಾಟರಿಯ ತಂತಿ ಬಿಚ್ಚಿಡಬೇಕು; ಕೆಲವು ಗಾಡಿಗಳಲ್ಲಿ ಕೀಲಿ ತೆಗೆದ ಮೇಲೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಿ ಬೆರಳು ಕತ್ತರಿಸೀತು. ಕೆಳಗೆ ಅಗಲವಾದ ಪಾತ್ರೆಯಿಟ್ಟು ಕೂಲೆಂಟ್ ಇಳಿಸಿಕೊಳ್ಳಿ. ಆ ಪಾತ್ರೆ ಮತ್ತೆ ಅಡಿಗೆಮನೆಗೆ ಹೋಗಕೂಡದು. ಕೂಲೆಂಟ್ ಸಿಹಿಯಾಗಿರುವ ವಿಷ, ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯುತ್ತದೆ. ಮಕ್ಕಳು ಆಡುವ ಚಾಳಿನಲ್ಲಿ ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದು ಪಾಪದ ಕೆಲಸ. ಮೋರಿಗೆ ಚೆಲ್ಲುವುದೂ ಬೇಡ, ಗ್ಯಾರೇಜಿಗೆ ಒಪ್ಪಿಸಿ.

ಸೋರುವ ಪೈಪಿನ ಎರಡು ತುದಿಯ ಕ್ಲಿಪ್ಪುಗಳನ್ನು ಸಡಿಲಿಸಿ ಹಿಂದಕ್ಕೆ ಸರಿಸಿ. ಹಳೆಯ ಪೈಪು ಅಂಟಿಕೊಂಡಿದ್ದರೆ ಎಳೆದಾಡಬೇಡಿ. ಹೀಟರ್ ಕಾಯಿಲಿನ ಮೂತಿ ತೆಳು ಲೋಹದ್ದು. ಮುರಿದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದೀತು. ಚೂರಿಯಿಂದ ರಬ್ಬರನ್ನು ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪದರ ಬಿಡಿಸಿದಂತೆ ಬಿಡಿಸಿ ತೆಗೆಯಿರಿ. ಮೂತಿಯ ಮೇಲಿನ ಕಿಲುಬನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿ. ಹಳೆಯ ತುಂಡನ್ನು ಅಂಗಡಿಗೆ ಒಯ್ದು ಅದೇ ಒಳ ಅಳತೆಯ, ಕೂಲೆಂಟಿಗೆಂದೇ ಮಾಡಿದ ಹೀಟರ್ ಪೈಪನ್ನೇ ತನ್ನಿರಿ. ಗ್ಯಾಸಿನ ಟ್ಯೂಬು, ತೋಟಕ್ಕೆ ನೀರು ಬಿಡುವ ಪೈಪು, ಪೆಟ್ರೋಲ್ ಪೈಪು ಇಲ್ಲಿ ನಡೆಯವು. ಬಿಸಿಗೂ ಒತ್ತಡಕ್ಕೂ ಉಬ್ಬಿ ಒಡೆಯುತ್ತವೆ. ಹೊಸ ಪೈಪನ್ನು ಮೂತಿಯ ಉಬ್ಬು ದಾಟಿ ಒಂದು ಇಂಚಿನಷ್ಟು ಒಳಕ್ಕೆ ತಳ್ಳಿ, ಉಬ್ಬಿನ ಹಿಂದೆ ಕ್ಲಿಪ್ಪು ಬಿಗಿಯಿರಿ. ಅತಿಯಾಗಿ ಬಿಗಿದರೆ ರಬ್ಬರೇ ಕತ್ತರಿಸೀತು.

ಆಮೇಲೆ ಬ್ಯಾಟರಿ ಜೋಡಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯ ಕೂಲೆಂಟನ್ನೇ ತುಂಬಿ. ಹೀಟರ್ ಗುಬ್ಬಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವ ಇಂಜಿನನ್ನು ಮುಚ್ಚಳ ತೆಗೆದೇ ಶುರು ಮಾಡಿ, ಸಿಕ್ಕಿದ ಗಾಳಿ ಗುಳ್ಳೆಗಳಾಗಿ ಹೊರಬರುವಾಗ ಮಟ್ಟ ನೋಡಿ ತುಂಬುತ್ತಿರಿ. ಇಂಜಿನ್ ಕಾಯುವ ಮೊದಲೇ ಮುಚ್ಚಳ ಹಾಕಿ. ಗಾಳಿ ಉಳಿದರೆ ಪೈಪು ಹೊಸದಾದರೂ ಇಂಜಿನ್ ಕಾಯುವುದು ತಪ್ಪದು. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲು ಬೇರೆ ಸ್ಕ್ರೂ ಇರುತ್ತದೆ, ಪುಸ್ತಕ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟವನ್ನೂ ಕ್ಲಿಪ್ಪುಗಳನ್ನೂ ಇನ್ನೊಮ್ಮೆ ನೋಡಿದರೆ ಕೆಲಸ ಮುಗಿಯಿತು.

ಒಂದು ಎಲ್ಲೆಯೂ ಇದೆ. ಸೋರುವುದು ಪೈಪಲ್ಲ, ಒಳಗಿನ ಕಾಯಿಲೇ ಆಗಿದ್ದರೆ ಅದಕ್ಕೆ ಕೈ ಹಾಕಬೇಡಿ. ಇಂದಿನ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗುಗಳಿವೆ. ಅದು ಕಲಿತ ಮೆಕ್ಯಾನಿಕನ ಕೆಲಸ. ಗ್ಯಾರೇಜಿನಲ್ಲಿ ದುಡಿಯುವ ಹುಡುಗನೂ ಕಾರ್ಮಿಕನೇ, ಅವನ ಅನ್ನ ಕಸಿಯುವುದು ನಮ್ಮ ಉದ್ದೇಶವಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. “ನೀವು ಇದನ್ನೆಲ್ಲ ಕಲಿಸಿದರೆ ಧಣಿಗಳು ಡ್ರೈವರನಿಂದಲೇ ಮೆಕ್ಯಾನಿಕನ ಕೆಲಸವನ್ನೂ ತೆಗೆಯುತ್ತಾರೆ” ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದರು. ಅವರ ಭಯ ಸುಳ್ಳಲ್ಲ. ದೋಸೆ ಹಾಕಲು ಬರುವವನಿಗೆ ಲೋಟವನ್ನೂ ತೊಳೆಯಲು ಹೇಳುವ ಹೊಟೇಲುಗಳನ್ನು ನಾವು ಕಂಡಿಲ್ಲವೆ? ಆದರೆ ಅದಕ್ಕೆ ಮದ್ದು ಅಜ್ಞಾನವಲ್ಲ. ಪೈಪು ಏಕೆ ಸೋರಿತು ಎಂದು ತಿಳಿಯದ ಹುಡುಗ “ನಿನ್ನಿಂದಲೇ ಹಾಳಾಯಿತು” ಎಂದಾಗ ತಲೆ ತಗ್ಗಿಸುತ್ತಾನೆ. ತಿಳಿದವನು ಬಿರಿದ ರಬ್ಬರನ್ನು ಮೇಜಿನ ಮೇಲಿಟ್ಟು, “ಇದು ವಯಸ್ಸಾಗಿ ಸತ್ತದ್ದು ಸ್ವಾಮಿ, ನನ್ನ ಅಲಕ್ಷ್ಯದಿಂದಲ್ಲ” ಎನ್ನಬಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಟೇಬಲ್ ಒರೆಸಿದ ಹುಡುಗರು ಅಕ್ಷರ ಕಲಿತದ್ದು ಧಣಿಯ ಲೆಕ್ಕ ಬರೆಯಲಿಕ್ಕಾಗಿ ಮಾತ್ರವಲ್ಲ, ತಮ್ಮ ಲೆಕ್ಕ ತಾವೇ ಓದಿಕೊಳ್ಳಲಿಕ್ಕಾಗಿ. ಇದೂ ಅಂಥದೇ ಅಕ್ಷರ.

ಕಾಯಿದೆಯೂ ನಮ್ಮ ಕಡೆಗಿದೆ. ಕಾರ್ಮಿಕನ ವಶಕ್ಕೆ ಒಪ್ಪಿಸಿದ ವಸ್ತು ನೇರವಾಗಿ ಅವನ ಅಲಕ್ಷ್ಯದಿಂದಲೇ ಹಾಳಾದರೆ ಮಾತ್ರ ಪಗಾರದಿಂದ ಹಿಡಿಯಬಹುದು. ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ನಷ್ಟಕ್ಕಿಂತ ಒಂದು ಪೈಸೆ ಹೆಚ್ಚಾಗದಂತೆ. 1936ರ ವೇತನ ಪಾವತಿ ಕಾಯಿದೆ ಹೀಗೆ ಹೇಳಿತ್ತು. 2019ರ ವೇತನ ಸಂಹಿತೆಯೂ ಇದನ್ನೇ ಹೇಳುತ್ತದೆ. ಬೆಂದು ಬಿರಿದ ರಬ್ಬರ್ ಯಾವ ಡ್ರೈವರನ ಅಲಕ್ಷ್ಯ?

ಆದುದರಿಂದ ಧಣಿಗಳಿಗೆ ನಮ್ಮ ಮಾತು ಸ್ಪಷ್ಟವಿರಲಿ. ಗಾಡಿ ನಿಮ್ಮದು, ಪೈಪಿನ ಖರ್ಚೂ ನಿಮ್ಮದೇ. ಡ್ರೈವರ್ ಅದನ್ನು ಕೂಡಿಸಿದರೆ ಆ ಹೊತ್ತು ಕೆಲಸದ ಹೊತ್ತು. ಡ್ಯೂಟಿ ಮುಗಿದ ಮೇಲೆ ಮಾಡಿದರೆ ಓವರ್‌ಟೈಮ್ ಕೊಡತಕ್ಕದ್ದು. ಸೋರುತ್ತಿದೆ ಎಂದು ಅವನು ಹೇಳಿದ ದಿನ ಗಾಡಿ ನಿಲ್ಲಬೇಕು. ಗಾಡಿ ನಡೆಸುವ ನಮ್ಮ ಬಂಧುಗಳಿಗೂ ಒಂದು ಮಾತು: ಸೋರಿಕೆ ಕಂಡ ದಿನವೇ ತಾರೀಕು ಹಾಕಿ ಬರೆದು ತಿಳಿಸಿ, ಫೋನಿನಲ್ಲಿ ಫೋಟೊ ತೆಗೆದು ಕಳುಹಿಸಿದರೆ ಇನ್ನೂ ಒಳ್ಳೆಯದು. ಬಾಯಿಮಾತು ಗಲ್ಲಾದ ಮುಂದೆ ಕರಗುತ್ತದೆ, ಬರಹ ಕರಗುವುದಿಲ್ಲ.

ಸ್ವಂತ ಟ್ಯಾಕ್ಸಿ ಇರುವವರಿಗೆ ಧಣಿಯ ಜಗಳವಿಲ್ಲ, ಆದರೆ ಗಾಡಿ ನಿಂತ ದಿನ ಸಂಪಾದನೆಯೂ ಇಲ್ಲ. ಅವರಿಗಂತೂ ಈ ವಿದ್ಯೆ ನೇರವಾಗಿ ಉಳಿತಾಯವೇ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟೆ. ತಿಂಗಳಿಗೊಂದು ಭಾನುವಾರ ಎರಡು ತಾಸು ಗೊತ್ತುಮಾಡಿ, ಒಂದು ಹಳೆಯ ಗಾಡಿ ನಿಲ್ಲಿಸಿ, ಕೆಲಸ ಬಲ್ಲವರಿಂದ ಉಳಿದವರಿಗೆ ಕಲಿಸಿರಿ. ನಿವೃತ್ತ ಗಿರಣಿ ಫಿಟ್ಟರುಗಳನ್ನು ಗೌರವದಿಂದ ಕರೆಯಿರಿ; ಅವರ ಕೈಯ ವಿದ್ಯೆ ಅವರೊಂದಿಗೇ ಮುಗಿದುಹೋಗಬಾರದು. ಭಾಷಣ ಕೇಳಲು ಬರುವವರಿಗಿಂತ ಪಾನಾ ಹಿಡಿಯಲು ಬರುವವರು ಹೆಚ್ಚಾದಾರು ಎಂದು ನನ್ನ ನಂಬಿಕೆ. ಬನ್ನಿ, ಕಲಿಯೋಣ, ಕಲಿತದ್ದಕ್ಕೆ ತಕ್ಕ ಬೆಲೆಯನ್ನೂ ಕೇಳೋಣ.