ಊರಿಗೆ ಬಂದವರು ನೀರಿಗೆ ಬಾರದಿರಬಹುದೇ?

ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಸಾಂಘಿಕ ಜೀವನವನ್ನು ಹತ್ತಿರದಿಂದ ಕಂಡವರು ಅದನ್ನು ಮೆಚ್ಚದೆ ಇರಲಾರರು. ಮುಲುಂಡ್, ಡೊಂಬಿವಲಿ, ಗೋರೆಗಾಂವ್, ಚೆಂಬೂರು, ಹೀಗೆ ಯಾವ ದಿಕ್ಕಿಗೆ ಹೋದರೂ ಅಲ್ಲೊಂದು ರಾಜ್ಯೋತ್ಸವ, ತಾಳಮದ್ದಳೆ, ವಿದ್ಯಾರ್ಥಿವೇತನ, ವೈದ್ಯಕೀಯ ತಪಾಸಣೆಯ ಶಿಬಿರ ನಡೆಯುತ್ತಲೇ ಇರುತ್ತದೆ. ಹಗಲೆಲ್ಲ ಲೋಕಲ್ ಗಾಡಿಯಲ್ಲಿ ನಿಂತು ಪ್ರಯಾಣ ಮಾಡಿ ದಣಿದವರೇ ರಾತ್ರಿ ಸಭಾಗೃಹದಲ್ಲಿ ಕುರ್ಚಿ ಜೋಡಿಸುತ್ತಾರೆ. ತಮ್ಮ ಜೇಬಿನಿಂದ ಹಣ ಹಾಕಿ ಅತಿಥಿಗಳಿಗೆ ಫಲಾಹಾರ ತರಿಸುತ್ತಾರೆ. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಇದೇ ಕನ್ನಡಿಗರು ತಾವು ವಾಸಿಸುವ ಕಟ್ಟಡದ ಸಹಕಾರಿ ಗೃಹ ಸಂಘದ ವಾರ್ಷಿಕ ಸಭೆಯಲ್ಲಿ ಎಷ್ಟು ಮಂದಿ ಕಾಣಸಿಗುತ್ತಾರೆ ಎಂದು ಕೇಳಿದರೆ ದೊರೆಯುವ ಉತ್ತರ ಅಷ್ಟು ಸಂತೋಷದಾಯಕವಲ್ಲ. ಸೂಚನಾ ಫಲಕದಲ್ಲಿ ಸಭೆಯ ನೋಟೀಸು ಹದಿನಾಲ್ಕು ದಿನ ತೂಗಾಡುತ್ತದೆ. ನಿಗದಿಯಾದ ಭಾನುವಾರ ನಲವತ್ತು ಮನೆಗಳ ಪೈಕಿ ಹತ್ತು ಹನ್ನೆರಡು ಮಂದಿ ವಾಹನ ನಿಲ್ಲಿಸುವ ಜಾಗದಲ್ಲಿ ಬಂದು ಸೇರುತ್ತಾರೆ. ಕೋರಂ ಆಗಲಿಲ್ಲವೆಂದು ಸಭೆ ಮುಂದೂಡಲ್ಪಡುತ್ತದೆ. ನೋಟೀಸಿನಲ್ಲಿಯೇ ಸೂಚಿಸಿದಂತೆ ಅರ್ಧ ಗಂಟೆಯ ಬಳಿಕ ಬಂದಷ್ಟೇ ಜನರಿಂದ ಅದು ಪುನಃ ಆರಂಭವಾಗಿ, ಲೆಕ್ಕಪತ್ರಗಳು ಹತ್ತು ನಿಮಿಷಗಳಲ್ಲಿ ಅಂಗೀಕೃತವಾಗುತ್ತವೆ. ಮೇಲಿನ ಮಹಡಿಯ ಕನ್ನಡಿಗ ಸದಸ್ಯರು ಆ ಹೊತ್ತಿಗೆ ಮನೆಯಲ್ಲಿಯೇ ಇರುತ್ತಾರೆ. ‘ನಮಗೇಕೆ ಆ ಗೊಡವೆ? ತಿಂಗಳ ಹಣ ಕಟ್ಟಿದರೆ ಆಯಿತು’ ಎಂಬುದು ಅವರ ಸಮಾಧಾನ.

ಈ ಔದಾಸೀನ್ಯದ ಬೇರು ಒಂದು ಭಾವನೆಯಲ್ಲಿದೆ. ಮೂವತ್ತು ನಲವತ್ತು ವರ್ಷ ಇಲ್ಲಿ ಕಳೆದರೂ ಅನೇಕರ ಮನಸ್ಸಿನಲ್ಲಿ ಮನೆಯೆಂದರೆ ಊರಿನ ಮನೆ. ಇಲ್ಲಿನ ಎರಡು ಕೋಣೆಗಳ ವಾಸಸ್ಥಾನ ಕೇವಲ ತಂಗುದಾಣ. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಸಾವಿರಾರು ರೂಪಾಯಿಗಳನ್ನು ಸಂತೋಷದಿಂದ ಅರ್ಪಿಸುವ ಕೈ, ಕಟ್ಟಡದ ದುರಸ್ತಿ ನಿಧಿಗೆ ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚಿಸಿದಾಗ ಹಿಂಜರಿಯುತ್ತದೆ. ದೇವಸ್ಥಾನಕ್ಕೆ ಕೊಡುವುದು ತಪ್ಪಲ್ಲ. ಆದರೆ ನಿವೃತ್ತಿಯ ನಂತರ ಊರಿಗೆ ಹಿಂದಿರುಗುವ ಸಂಕಲ್ಪ ಮಾಡಿದವರಲ್ಲಿ ಹಲವರು ಹಿಂದಿರುಗುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಮಕ್ಕಳ ಉದ್ಯೋಗ ಇಲ್ಲಿ, ಮೊಮ್ಮಕ್ಕಳ ಶಾಲೆ ಇಲ್ಲಿ, ಪರಿಚಿತ ವೈದ್ಯರು ಇಲ್ಲಿ. ಮುಪ್ಪು ಕಳೆಯಬೇಕಾದದ್ದು ಇದೇ ಛಾವಣಿಯ ಕೆಳಗೆ. ಆ ಛಾವಣಿ ಸೋರುತ್ತಿದೆಯೇ ಎಂದು ನೋಡುವವರು ಯಾರು?

ಸಹಕಾರವೆಂಬುದು ಕನ್ನಡ ಜನಕ್ಕೆ ಅಪರಿಚಿತವಾದ ತತ್ವವೇನೂ ಅಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘವು ದೇಶದಲ್ಲಿಯೇ ಮೊದಲಿನದೆಂದು ಪ್ರಸಿದ್ಧವಾಗಿದೆ. ಆಗ ಆ ಪ್ರದೇಶ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿ ನಗರದಲ್ಲಿಯೇ 1915ರಲ್ಲಿ ಗಾಂವದೇವಿಯ ಸಾರಸ್ವತ ಸಹಕಾರಿ ಗೃಹ ಸಂಘ ಸ್ಥಾಪನೆಯಾಯಿತು. ಕೆನರಾ ಪ್ರಾಂತ್ಯದಿಂದ ವಲಸೆ ಬಂದಿದ್ದ ಸಾರಸ್ವತ ಕುಟುಂಬಗಳಿಗೆ ಯೋಗ್ಯ ಬಾಡಿಗೆಯಲ್ಲಿ ಗಾಳಿ ಬೆಳಕುಗಳುಳ್ಳ ಮನೆ ದೊರೆಯಬೇಕೆಂದು ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಅದಕ್ಕಾಗಿ ಶ್ರಮಿಸಿದರು. ಇಂದು ಮಹಾರಾಷ್ಟ್ರದ ಉಪನಗರಗಳನ್ನು ತುಂಬಿರುವ ಸಾವಿರಾರು ಗೃಹ ಸಂಘಗಳ ಹಿರಿಯಣ್ಣನಂತಿರುವ ಸಂಸ್ಥೆ ಅದು. ಕೆಲವು ರೂಪಾಯಿ ಸಂಬಳದ ಗುಮಾಸ್ತರು ಒಬ್ಬರನ್ನೊಬ್ಬರು ನಂಬಿ ಕಟ್ಟಿದ ಪರಂಪರೆಯ ವಾರಸುದಾರರು ಇಂದು ಸಭೆಗೆ ಹೋಗಲು ಬೇಸರಪಡುವುದು ವಿಷಾದಕರ.

ಇರಲಿ, ಈಗ ಲೆಕ್ಕದ ಮಾತಿಗೆ ಬರುವುದು ಉಚಿತ. ಮಾದರಿ ಉಪವಿಧಿಗಳ ಪ್ರಕಾರ ಪ್ರತಿ ಸದಸ್ಯನೂ ಭೂಮಿಯ ಬೆಲೆಯನ್ನು ಬಿಟ್ಟು ತನ್ನ ಮನೆಯ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.25ರಷ್ಟನ್ನು ಸಿಂಕಿಂಗ್ ಫಂಡಿಗೆ ಕೊಡಬೇಕು. ದುರಸ್ತಿ ನಿಧಿಗೆ ಕನಿಷ್ಠ ಶೇಕಡಾ 0.75ರಷ್ಟು ಕೊಡಬೇಕು. ನಿರ್ಮಾಣ ವೆಚ್ಚ 12 ಲಕ್ಷ ರೂಪಾಯಿಯೆಂದು ಭಾವಿಸಿದರೆ ಎರಡೂ ಸೇರಿ ವರ್ಷಕ್ಕೆ 12,000 ರೂಪಾಯಿ, ತಿಂಗಳಿಗೆ ಒಂದು ಸಾವಿರ. ನಲವತ್ತು ಮನೆಗಳಿರುವ ಸಂಘದಲ್ಲಿ ವರ್ಷಕ್ಕೆ 4,80,000 ರೂಪಾಯಿ ಕೂಡುತ್ತದೆ. ಹತ್ತು ವರ್ಷಗಳಲ್ಲಿ ಬಡ್ಡಿಯನ್ನು ಬಿಟ್ಟೇ 48 ಲಕ್ಷವಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆದರೆ ನಡೆಯುವುದು ಬೇರೆ. ತಿಂಗಳ ಹಣವನ್ನು ಕಡಿಮೆ ಇಟ್ಟ ಸಮಿತಿಯೇ ಒಳ್ಳೆಯ ಸಮಿತಿ ಎಂಬ ಕೀರ್ತಿ ಸುಲಭವಾಗಿ ದೊರೆಯುತ್ತದೆ. ಹದಿನೈದು ವರ್ಷ ಆ ಕೀರ್ತಿಯಲ್ಲಿ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಬಾಲ್ಕನಿಯ ಕಾಂಕ್ರೀಟು ಕಳಚಿ ಬೀಳುತ್ತದೆ. ದುರಸ್ತಿಗೆ 40 ಲಕ್ಷ ಬೇಕೆಂದು ಇಂಜಿನಿಯರು ಹೇಳುತ್ತಾನೆ. ಪ್ರತಿ ಮನೆಗೆ ಒಮ್ಮೆಲೇ ಒಂದು ಲಕ್ಷ ರೂಪಾಯಿಯ ಬೇಡಿಕೆ ಬರುತ್ತದೆ. ಅದೇ ವರ್ಷ ಒಬ್ಬರ ಮಗಳ ಮದುವೆ, ಇನ್ನೊಬ್ಬರ ನಿವೃತ್ತಿ, ಮತ್ತೊಬ್ಬರ ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ. ಕೊಡಲಾರದವರಿಗೂ ಕೊಟ್ಟವರಿಗೂ ಮೆಟ್ಟಿಲ ಮೇಲೆ ಮಾತು ನಿಲ್ಲುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯಿಂದ ಅಧಿಕವಾಗಿ ನೊಂದುಕೊಳ್ಳುವವರು ನಿಶ್ಚಿತ ಆದಾಯದ ನಿವೃತ್ತರು ಮತ್ತು ವಿಧವೆಯರು. ಆದ್ದರಿಂದ ಅಗ್ಗದ ಮಾಸಿಕ ಶುಲ್ಕವೆಂಬುದು ಉಳಿತಾಯವಲ್ಲ. ಅದು ಮುಂದಿನವರ ಹೆಸರಿನಲ್ಲಿ ತೆಗೆದ ಸಾಲ.

ಸಂಘದ ಆಸ್ತಿ ಹೊಣೆ ಪಟ್ಟಿಯನ್ನು ಓದಲು ವಾಣಿಜ್ಯ ಶಾಸ್ತ್ರದ ಪದವಿ ಬೇಕಾಗಿಲ್ಲ. ಮೂರು ಸಾಲುಗಳನ್ನು ಗಮನಿಸಿದರೆ ಸಾಕು. ಮೊದಲನೆಯದು, ಹೊಣೆಗಳ ಕಡೆ ತೋರಿಸಿದ ಸಿಂಕಿಂಗ್ ಫಂಡಿನ ಮೊತ್ತಕ್ಕೆ ಸರಿಸಮನಾದ ಠೇವಣಿ ಆಸ್ತಿಗಳ ಕಡೆ ಇದೆಯೇ? ಇಲ್ಲವಾದರೆ ಆ ನಿಧಿ ಕಾಗದದ ಮೇಲೆ ಮಾತ್ರ ಇದೆ. ಹಣವು ಎಂದೋ ವಿದ್ಯುತ್ ಬಿಲ್ಲಿಗೂ ಕಾವಲುಗಾರರ ಸಂಬಳಕ್ಕೂ ಕರಗಿ ಹೋಗಿದೆ. ಎರಡನೆಯದು, ಸದಸ್ಯರಿಂದ ಬರಬೇಕಾದ ಬಾಕಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ? ಮೂರನೆಯದು, ಲೆಕ್ಕ ಪರಿಶೋಧಕರು ಕಳೆದ ವರ್ಷ ಎತ್ತಿದ ಆಕ್ಷೇಪಣೆಗಳಿಗೆ ಸಮಿತಿ ಕೊಟ್ಟ ಸಮಾಧಾನವೇನು? ಈ ಮೂರು ಪ್ರಶ್ನೆಗಳನ್ನು ಶಾಂತವಾಗಿ ಕೇಳುವ ಒಬ್ಬ ಸದಸ್ಯ ಪ್ರತಿ ಸಭೆಯಲ್ಲಿದ್ದರೆ ಅರ್ಧ ಅವ್ಯವಹಾರ ತಾನಾಗಿಯೇ ನಿಲ್ಲುತ್ತದೆ. ಪ್ರಾಮಾಣಿಕ ಸಮಿತಿಗೂ ಅಂಥ ಪ್ರಶ್ನೆ ಬಲವನ್ನೇ ಕೊಡುತ್ತದೆ.

ಈ ವಿಷಯ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಆರೋಗ್ಯಕ್ಕೂ ಇದರ ನಂಟು ನೇರವಾಗಿದೆ. ನಗರದ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಕೊಳಚೆಯನ್ನು ಅರಸುವುದಿಲ್ಲ. ಛಾವಣಿಯ ಮೇಲಿನ ಟಾಂಕಿಯ ಶುದ್ಧ ನೀರೇ ಅದಕ್ಕೆ ಪ್ರಿಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯೂ ಹೂಕುಂಡದ ತಟ್ಟೆ, ಹಳೆಯ ಟಯರು, ಮುಚ್ಚಳವಿಲ್ಲದ ಡ್ರಮ್ಮುಗಳಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು ಹಗಲಿನಲ್ಲಿಯೇ ಕಚ್ಚುತ್ತದೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆಗಳನ್ನು ತಿಕ್ಕಿ ಒಣಗಿಸಿದರೆ ಆ ಸರಪಳಿ ಕಡಿಯುತ್ತದೆಂಬ ಸಲಹೆಯ ಆಧಾರ ಇದೇ. ಒಂದು ಮನೆಯವರು ತಮ್ಮ ಕಿಟಕಿಗಳಿಗೆ ಜಾಲರಿ ಬಡಿಸಿ, ಗಂಧದಬತ್ತಿ ಹಚ್ಚಿ ಕುಳಿತರೂ, ಟಾಂಕಿಯ ಒಡೆದ ಮುಚ್ಚಳ ಎಲ್ಲರ ಮುಚ್ಚಳ. ಅದನ್ನು ಬದಲಾಯಿಸಲು ಬೇಕಾದ ಹಣ ಒಂದು ಮಗುವಿನ ಎರಡು ದಿನಗಳ ಆಸ್ಪತ್ರೆಯ ಖರ್ಚಿಗಿಂತ ಕಡಿಮೆ.

ನೆಲದಡಿಯ ಟಾಂಕಿಯ ಗತಿಯೂ ಹೀಗೆಯೇ. ಅದರ ಗೋಡೆಯಲ್ಲಿ ಬಿರುಕು ಬಿಟ್ಟು, ಪಕ್ಕದಲ್ಲಿ ಮಲಿನ ನೀರಿನ ಕೊಳವೆ ಸೋರುತ್ತಿದ್ದರೆ, ಕಾಮಾಲೆ, ವಿಷಮಶೀತ ಜ್ವರ, ಅತಿಸಾರಗಳು ಒಂದೇ ಕಟ್ಟಡದ ಹಲವು ಮನೆಗಳನ್ನು ಒಮ್ಮೆಲೇ ಹಿಡಿಯುತ್ತವೆ. ಆರು ತಿಂಗಳಿಗೊಮ್ಮೆ ಎರಡೂ ಟಾಂಕಿಗಳನ್ನು ಬರಿದು ಮಾಡಿ ತೊಳೆಸುವುದು, ತೊಳೆಸಿದ ದಿನಾಂಕವನ್ನು ಟಾಂಕಿಯ ಮೇಲೆ ಬರೆಸುವುದು, ಮಳೆಗಾಲದ ಮೊದಲು ನೀರಿನ ಪರೀಕ್ಷೆ ಮಾಡಿಸುವುದು, ಇವು ಸಮಿತಿಯ ಕರ್ತವ್ಯ. ಮಾಡಿದರೋ ಇಲ್ಲವೋ ಎಂದು ವಿಚಾರಿಸುವುದು ಸದಸ್ಯರ ಕರ್ತವ್ಯ.

ಕಟ್ಟಡಕ್ಕೂ ಮನುಷ್ಯನ ದೇಹದಂತೆ ವಯಸ್ಸಾಗುತ್ತದೆ. ಛಾವಣಿಯಿಂದಲೋ ಸ್ನಾನಗೃಹದಿಂದಲೋ ಇಳಿದ ತೇವ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಿಂದ ಇನ್ನಷ್ಟು ನೀರು ಒಳಗಿಳಿಯುತ್ತದೆ. ಕಡಲ ತೀರದ ಉಪ್ಪುಗಾಳಿ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಬಣ್ಣ ಬಳಿದು ಮುಚ್ಚಿದ ಮಾತ್ರಕ್ಕೆ ಅದು ವಾಸಿಯಾಗದು. ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಗಳಿಗೆ ಐದು ವರ್ಷಗಳಿಗೊಮ್ಮೆ, ಅದಕ್ಕೂ ಹಳೆಯವುಗಳಿಗೆ ಮೂರು ವರ್ಷಗಳಿಗೊಮ್ಮೆ ರಚನಾ ತಪಾಸಣೆ ಆಗಬೇಕೆಂದು ಉಪವಿಧಿಗಳು ಹೇಳುವುದು ಈ ಕಾರಣದಿಂದಲೇ. ಅರುವತ್ತು ದಾಟಿದವರು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವಷ್ಟು ಶ್ರದ್ಧೆಯಿಂದ ತಮ್ಮ ಮನೆಯ ಕಂಬಗಳನ್ನೂ ಪರೀಕ್ಷಿಸಿಕೊಳ್ಳಬೇಡವೇ?

ಭೂಮಿಯ ಹಕ್ಕಿನ ಪ್ರಶ್ನೆಯೂ ಇದೆ. ಕಟ್ಟಡ ನಿಂತು ದಶಕಗಳು ಕಳೆದರೂ ಅದರ ಕೆಳಗಿನ ಭೂಮಿ ಸಂಘದ ಹೆಸರಿಗೆ ವರ್ಗವಾಗದ ನಿದರ್ಶನಗಳು ಬೇಕಾದಷ್ಟಿವೆ. 1963ರ ಫ್ಲ್ಯಾಟ್ ಮಾಲೀಕತ್ವ ಕಾನೂನಿಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ, ನಿರ್ಮಾಪಕನು ಸಹಕರಿಸದಿದ್ದರೂ ಸಕ್ಷಮ ಪ್ರಾಧಿಕಾರಿಯ ಮೂಲಕ ‘ಡೀಮ್ಡ್ ಕನ್ವೆಯನ್ಸ್’ ಪಡೆಯಲು ಅವಕಾಶವಿದೆ. ಪುನರ್ನಿರ್ಮಾಣದ ಮಾತು ಬಂದ ದಿನ ಕಾಗದಪತ್ರಗಳಿಗಾಗಿ ತಡಕಾಡುವ ಬದಲು ಇಂದೇ ಆ ಕೆಲಸವನ್ನು ಆರಂಭಿಸುವಂತೆ ಸಭೆಯಲ್ಲಿ ಒತ್ತಾಯಿಸುವುದು ವಿವೇಕ.

ನೆರೆಹೊರೆಯ ಬೆಲೆ ತಿಳಿಯುವುದು ಆಪತ್ಕಾಲದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದಾಗ, ನೆಲಮಾಳಿಗೆಯವರಿಗೆ ಬಾಗಿಲು ತೆರೆದವರು ಮೇಲಿನ ಮಹಡಿಯ ನೆರೆಯವರು. 2020ರ ಕೊರೋನಾ ದಿಗ್ಬಂಧನದಲ್ಲಿ ಒಂಟಿ ವೃದ್ಧರಿಗೆ ಔಷಧಿ, ಹಾಲು ತಲುಪಿಸಿದ ಸಂಘಗಳಿದ್ದವು. ದಾದಿಯರನ್ನೂ ವೈದ್ಯರನ್ನೂ ಕಟ್ಟಡದೊಳಗೆ ಬರಗೊಡಲು ತಕರಾರು ತೆಗೆದ ಸಂಘಗಳೂ ಇದ್ದವು. ಇವೆರಡರ ನಡುವಿನ ವ್ಯತ್ಯಾಸ ಕಾನೂನಿನಿಂದ ಬಂದುದಲ್ಲ. ಸಮಿತಿಯಲ್ಲಿ ಯಾರು ಕುಳಿತಿದ್ದರು, ಯಾರು ಮನೆಯಲ್ಲಿ ಸುಮ್ಮನಿದ್ದರು ಎಂಬುದರಿಂದ ಬಂದುದು.

‘ಭಾಷೆ ಅಡ್ಡಬರುತ್ತದೆ’ ಎಂದು ಕೆಲವರು ಹೇಳುವುದುಂಟು. ತರಕಾರಿ ಮಾರುಕಟ್ಟೆಯಲ್ಲಿ ಅಡ್ಡಬಾರದ ಮರಾಠಿ ಸಭೆಯಲ್ಲಿ ಮಾತ್ರ ಏಕೆ ಅಡ್ಡಬರಬೇಕು? ತಪ್ಪು ಮರಾಠಿಯಲ್ಲಿ ಕೇಳಿದ ಸರಿಯಾದ ಪ್ರಶ್ನೆಗೆ ಯಾರೂ ನಗುವುದಿಲ್ಲ. ‘ಅಲ್ಲಿ ಬರಿಯ ಜಗಳ’ ಎನ್ನುವವರೂ ಇದ್ದಾರೆ. ಲಿಫ್ಟಿನ ವೆಚ್ಚವನ್ನು ನೆಲಮಾಳಿಗೆಯವರು ಏಕೆ ಕೊಡಬೇಕೆಂಬ ವಾದ ಪ್ರತಿವರ್ಷವೂ ಏಳುತ್ತದೆ. ಅದನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕೆಂದು ಉಪವಿಧಿ ಸ್ಪಷ್ಟವಾಗಿ ಹೇಳಿರುವುದನ್ನು ಓದಿಕೊಂಡು ಬಂದ ಒಬ್ಬರು ಸಾಕು, ಆ ಜಗಳ ಐದು ನಿಮಿಷಗಳಲ್ಲಿ ಮುಗಿಯುತ್ತದೆ. ‘ಸಮಯವಿಲ್ಲ’ ಎಂಬುದು ಮೂರನೆಯ ನೆಪ. ದುಡಿಯುವವರಿಗೆ ಸಮಯ ಕಡಿಮೆಯೆಂಬುದು ನಿಜ. ಆದರೆ ಅದು ಸಮಿತಿಯಲ್ಲಿ ದುಡಿಯುವವರಿಗೂ ಅಷ್ಟೇ ನಿಜ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಕನ್ನಡ ಸಂಘಗಳು ಈ ದಿಸೆಯಲ್ಲಿ ಒಂದು ಸಣ್ಣ ಹೆಜ್ಜೆ ಇಡಬಹುದು. ವರ್ಷಕ್ಕೊಮ್ಮೆ, ಸಭೆಗಳ ಋತುವಿಗೆ ಮುನ್ನ, ಗೃಹ ಸಂಘಗಳ ಉಪವಿಧಿ, ಲೆಕ್ಕಪತ್ರ ಮತ್ತು ನೀರಿನ ನೈರ್ಮಲ್ಯಗಳ ಬಗ್ಗೆ ಕನ್ನಡದಲ್ಲಿ ತಿಳಿವಳಿಕೆ ಕೊಡುವ ಒಂದು ಸಂಜೆಯನ್ನು ಏರ್ಪಡಿಸುವುದು ಕಷ್ಟದ ಕೆಲಸವಲ್ಲ. ಸದಸ್ಯರಲ್ಲಿಯೇ ಬ್ಯಾಂಕು ನೌಕರರು, ವಕೀಲರು, ಇಂಜಿನಿಯರುಗಳು, ವೈದ್ಯರು ಇದ್ದಾರೆ. ಗೃಹಿಣಿಯರನ್ನು ಈ ಕೂಟಕ್ಕೆ ವಿಶೇಷವಾಗಿ ಕರೆಯಬೇಕು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಗೋಡೆ ಸೋರುತ್ತದೆ ಎಂಬುದು ಅವರಿಗೆ ತಿಳಿದಷ್ಟು ಪದಾಧಿಕಾರಿಗಳಿಗೆ ತಿಳಿದಿರುವುದಿಲ್ಲ.

ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂಬುದು ನಿಯಮ. ಈ ವರ್ಷ ಫಲಕದ ಮೇಲೆ ನೋಟೀಸು ಕಂಡಾಗ ಪ್ರತಿಯೊಬ್ಬ ಕನ್ನಡಿಗ ಸದಸ್ಯನೂ ಒಮ್ಮೆ ಛಾವಣಿಗೆ ಹೋಗಿ ಟಾಂಕಿಯ ಮುಚ್ಚಳವನ್ನು ನೋಡಿ ಬರಲಿ, ಆಸ್ತಿ ಹೊಣೆ ಪಟ್ಟಿಯ ಮೂರು ಸಾಲುಗಳನ್ನು ಓದಿಕೊಳ್ಳಲಿ, ಮತ್ತು ಆ ಭಾನುವಾರ ಎರಡು ಗಂಟೆಗಳ ಕಾಲ ಕೆಳಗಿಳಿದು ಬಂದು ನೆರೆಯವರ ನಡುವೆ ಕುಳಿತುಕೊಳ್ಳಲಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ಹಿರಿಯರು ಹೇಳಿದ್ದುಂಟು. ಊರಿಗೆ ಬಂದು ತಲೆಮಾರುಗಳೇ ಕಳೆದಿವೆ. ನೀರಿನ ಬಳಿಗೆ ಬರಲು ಇನ್ನು ತಡಮಾಡುವುದು ಸಲ್ಲದು.